‘ದಿ ಸೆವೆಂತ್ ಸೀಲ್’: ಆ ಸರದಾರನಿಗೆ ಕೊನೆಗೆ ಸಿಕ್ಕಿದ್ದೇನು?

ಹಿಂದಿನಸಾಲು:
ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಅವರ ‘ದಿ ಸೆವೆಂತ್ ಸೀಲ್’ (1957) ಸಿನಿಮಾ ಅಂದರೆ ಎಲ್ಲರಿಗೂ ನೆನಪಾಗುವುದು ಕಡಲ ದಡದಲ್ಲಿ ಸಾವಿನ ಜೊತೆ ಚೆಸ್ ಆಡುವ ಸರದಾರ. ನನ್ನ ಪ್ರಕಾರ ಆ ಆಟ ಶುರುವಾಗುವ ದೃಶ್ಯಕ್ಕಿಂತ ಅದು ಕೆಡುವ ದೃಶ್ಯ ದೊಡ್ಡದು.

ನೋಡದವರಿಗೆ ಕತೆ ಚುಟುಕಾಗಿ ಹೇಳುತ್ತೇನೆ. ಸರದಾರ ಆಂಟೋನಿಯಸ್ ಬ್ಲಾಕ್ ಹತ್ತು ವರ್ಷ ಕ್ರೈಸ್ತರ ಧರ್ಮಯುದ್ಧವಾದ ಕ್ರೂಸೇಡ್‌ನಲ್ಲಿ ಕಳೆದು ಸ್ವೀಡನ್‌ಗೆ ಮರಳುತ್ತಾನೆ. ನಾಡಿಗೆಲ್ಲ ಪ್ಲೇಗ್ ಬಡಿದಿದೆ. ಸಾವು ಅವನನ್ನು ಕರೆದೊಯ್ಯಲು ಬಂದು ನಿಲ್ಲುತ್ತದೆ. ಆಟ ಮುಗಿಯುವ ತನಕ ನನ್ನನ್ನು ಮುಟ್ಟಬೇಡ ಅಂತ ಅವನು ಷರತ್ತು ಹಾಕುತ್ತಾನೆ. ಸಿಕ್ಕ ಬಿಡುವಿನಲ್ಲಿ ಅರ್ಥವಿರುವ ಒಂದೇ ಒಂದು ಕೆಲಸ ಮಾಡಬೇಕು ಅನ್ನುವುದು ಅವನ ಆಸೆ. ದಾರಿಯಲ್ಲಿ ಊರೂರು ಸುತ್ತುವ ನಾಟಕದವರು ಸಿಗುತ್ತಾರೆ: ಯೋಫ್, ಅವನ ಹೆಂಡತಿ ಮಿಯಾ, ಅವರ ಕೂಸು. ಬೆಟ್ಟದ ಮೇಲೆ ಕೂತು ಅವರು ಕೊಟ್ಟ ಕಾಡು ಸ್ಟ್ರಾಬೆರಿ ತಿಂದು, ಬಟ್ಟಲಿನಿಂದ ಹಾಲು ಕುಡಿಯುತ್ತಾನೆ. ಇಡೀ ಚಿತ್ರದಲ್ಲಿ ಅವನ ಮುಖ ಸಡಿಲವಾಗುವುದು ಅಲ್ಲಿ ಮಾತ್ರ.

ಆಮೇಲೆ ಕಾಡಿನಲ್ಲಿ ಆಟ ಸೋಲುವ ಹಂತಕ್ಕೆ ಬರುತ್ತದೆ. ಬ್ಲಾಕ್ ತನ್ನ ನಿಲುವಂಗಿಯಿಂದ ಕಾಯಿಗಳನ್ನು ಬೇಕೆಂದೇ ಕೆಡವುತ್ತಾನೆ. ಸಾವು ಬಗ್ಗಿ ಕಾಯಿ ಜೋಡಿಸುವಷ್ಟರಲ್ಲಿ ಯೋಫ್ ಸಂಸಾರ ಸಮೇತ ಗಾಡಿ ಹೂಡಿ ಪಾರಾಗುತ್ತಾನೆ. ದೇವರಿದ್ದಾನೋ ಇಲ್ಲವೋ ಎಂಬ ಪ್ರಶ್ನೆ ಹಾಗೇ ಉಳಿಯಿತು. ಆದರೆ ಮೂರು ಜೀವ ಉಳಿದವು. ಅವನು ಹುಡುಕುತ್ತಿದ್ದ ಕೆಲಸ ಅದೇ.

ಕಪ್ಪುಬಿಳುಪು:
ಅಲ್ಲಿಗೆ ನಿಲ್ಲಿಸಿದರೆ ಹೇಗೆ? ಮುಂದಿನ ದೃಶ್ಯ ಬಿಟ್ಟಿರಲ್ಲ. ಅದೇ ಬ್ಲಾಕ್ ತನ್ನ ಕೋಟೆಗೆ ಬಂದು, ಸಾವು ಬಾಗಿಲಲ್ಲಿ ನಿಂತಾಗ ಮುಖ ಮುಚ್ಚಿಕೊಂಡು ದೇವರನ್ನು ಕೂಗುತ್ತಾನೆ. ನಾವು ಚಿಕ್ಕವರು, ಹೆದರಿದ್ದೇವೆ, ಏನೂ ತಿಳಿಯದವರು, ಕರುಣೆ ತೋರು ಅಂತ ಅಂಗಲಾಚುತ್ತಾನೆ. ಮೂವರನ್ನು ಉಳಿಸಿ ಅವನಿಗೆ ಸಮಾಧಾನ ಸಿಕ್ಕಿದ್ದರೆ ಈ ಕೂಗು ಯಾಕೆ?

ಚಿತ್ರದ ನೋವು ಇರುವುದು ಬ್ಲಾಕ್ ಚರ್ಚಿನಲ್ಲಿ ತಪ್ಪೊಪ್ಪಿಗೆಗೆ ಕೂತ ದೃಶ್ಯದಲ್ಲಿ. ನನಗೆ ನಂಬಿಕೆ ಬೇಡ, ಊಹೆ ಬೇಡ, ತಿಳಿವು ಬೇಕು. ದೇವರು ಕೈ ಚಾಚಲಿ, ಮುಖ ತೋರಲಿ, ನನ್ನ ಜೊತೆ ಮಾತಾಡಲಿ ಅನ್ನುತ್ತಾನೆ. ಪಾದ್ರಿ ಅಂದುಕೊಂಡು ತನ್ನ ಆಟದ ಗುಟ್ಟನ್ನೂ ಹೇಳಿಬಿಡುತ್ತಾನೆ, ಒಂಟೆ ಮತ್ತು ಕುದುರೆ ಎರಡನ್ನೂ ಕೂಡಿಸಿ ಆಡುತ್ತೇನೆ ಅಂತ. ಕಂಬಿಯ ಆಚೆ ಕೂತಿರುವುದು ಸಾವೇ. ಮನುಷ್ಯ ಎದೆ ಬಿಚ್ಚಿ ಮಾತಾಡಿದಾಗ ಕೇಳಿಸಿಕೊಂಡವರು ಯಾರು ನೋಡಿ. ಇದನ್ನು ಬದಿಗೆ ಸರಿಸಿ ಸ್ಟ್ರಾಬೆರಿ, ಹಾಲು ಅಂದರೆ ಚಿತ್ರ ಮೆತ್ತಗಾಗಿಬಿಡುತ್ತದೆ.

ತಾರೀಕುನೋಡುವವ:
ನನಗೆ ತೊಡಕಾಗುವುದು ಬೇರೆ ಕಡೆ. ಪೂರ್ವದ ನೆಲದಲ್ಲಿ ಕ್ರೂಸೇಡ್‌ನವರ ಕೊನೆಯ ದೊಡ್ಡ ನೆಲೆ ಏಕರ್ 1291ರಲ್ಲೇ ಬಿತ್ತು. ಸ್ವೀಡನ್‌ಗೆ ಪ್ಲೇಗ್ ಬಂದಿದ್ದು 1350ರ ಹೊತ್ತಿಗೆ. ಅಲ್ಲಿ ಮಾಟಗಾತಿ ಅಂತ ಹೆಂಗಸರನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದದ್ದು 17ನೇ ಶತಮಾನದಲ್ಲಿ. ಚಿತ್ರದಲ್ಲಿ ಚರ್ಚಿನ ಗೋಡೆಯ ಮೇಲೆ ಚಿತ್ರ ಬಿಡಿಸುವವನ ಹೆಸರು ಆಲ್ಬರ್ಟಸ್ ಪಿಕ್ಟರ್. ಆ ಹೆಸರಿನ ನಿಜವಾದ ಚಿತ್ರಕಾರ ಕೆಲಸ ಮಾಡಿದ್ದು 15ನೇ ಶತಮಾನದ ಕೊನೆಯಲ್ಲಿ. ಇಷ್ಟನ್ನೆಲ್ಲ ಒಂದೇ ಬೇಸಿಗೆಗೆ ತುರುಕಿದರೆ ಅದನ್ನು ಮಧ್ಯಯುಗದ ಚಿತ್ರ ಅನ್ನಬಹುದಾ?

ನಾಟಕದಹುಚ್ಚು:
ಪಿಕ್ಟರ್ ಹೆಸರು ಎತ್ತಿದ್ದು ಒಳ್ಳೆಯದಾಯ್ತು, ಉತ್ತರ ಅಲ್ಲೇ ಇದೆ. ಸ್ಟಾಕ್‌ಹೋಮ್ ಹತ್ತಿರ ತೇಬಿ ಎಂಬಲ್ಲಿ ಹಳೆಯ ಚರ್ಚು ಇದೆ. ಅದರ ಕಮಾನಿನ ಮೇಲೆ ಮನುಷ್ಯನೊಬ್ಬ ಸಾವಿನ ಎದುರು ಚೆಸ್ ಮಣೆ ಹಾಕಿಕೊಂಡು ಕೂತ ಚಿತ್ರವಿದೆ. ಬಿಡಿಸಿದ್ದು ಇದೇ ಪಿಕ್ಟರ್. ಬರ್ಗ್‌ಮನ್ ತಂದೆ ಲೂಥರನ್ ಪಾದ್ರಿ. ಹಳ್ಳಿ ಚರ್ಚುಗಳಿಗೆ ಉಪದೇಶ ಕೊಡಲು ಹೋಗುವಾಗ ಮಗನನ್ನೂ ಕರೆದೊಯ್ಯುತ್ತಿದ್ದರು. ಅಪ್ಪ ಮಾತಾಡುತ್ತಿದ್ದರೆ ಹುಡುಗ ಗೋಡೆ ನೋಡುತ್ತಾ ಕೂರುತ್ತಿದ್ದ.

ಈ ಸಿನಿಮಾ ಆ ಗೋಡೆಯಿಂದ ಬಂದದ್ದು, ಇತಿಹಾಸದ ಪುಸ್ತಕದಿಂದಲ್ಲ. ಆ ಗೋಡೆಗಳ ಮೇಲೆ ಬೈಬಲ್ಲಿನ ಹಳಬರು ಚಿತ್ರಕಾರನ ಕಾಲದ ಬಟ್ಟೆ ತೊಟ್ಟು ನಿಂತಿರುತ್ತಾರೆ. ಹಾಗಿರುವಾಗ ಇಲ್ಲಿ ಶತಮಾನಗಳು ಕಲಸಿಕೊಂಡರೆ ತಪ್ಪೇನು? ಮೊದಲು ಇದನ್ನು ಮಾಲ್ಮೋದಲ್ಲಿ ನಟನೆ ಕಲಿಯುವ ಹುಡುಗರಿಗಾಗಿ ಒಂದು ಅಂಕದ ನಾಟಕವಾಗಿ ಬರೆದಿದ್ದರು. ಆಮೇಲೆ 1956ರ ಬೇಸಿಗೆಯಲ್ಲಿ ಸುಮಾರು 35 ದಿನಗಳಲ್ಲಿ ಸಿನಿಮಾ ಮುಗಿಸಿದರು, ಬಹುಪಾಲು ಸ್ಟುಡಿಯೋ ಆವರಣದಲ್ಲೇ. ರಂಗದ ಮೇಲೆ ಕಟ್ಟಿದ ಕಾಡು ಅಂತ ನೋಡಿದರೆ ಎಲ್ಲ ಸರಿಹೋಗುತ್ತದೆ.

ತಾರೀಕುನೋಡುವವ:
ಗೋಡೆ ಚಿತ್ರದ ಮಾತು ಒಪ್ಪುತ್ತೇನೆ. ಆದರೆ ಮೈಗೆ ಚಾಟಿ ಹೊಡೆದುಕೊಳ್ಳುತ್ತಾ ಬರುವ ಆ ಮೆರವಣಿಗೆ 1349ರ ಯುರೋಪಿನ ನಿಜ ಸಂಗತಿ. ನಾಟಕದವರ ತಮಾಷೆಯ ಹಾಡಿನ ನಡುವೆ ಹೊಗೆ, ಶಿಲುಬೆ, ನರಳಾಟ ಎಲ್ಲ ಒಟ್ಟಿಗೆ ನುಗ್ಗುತ್ತವೆ. ಜನ ಮಂಡಿಯೂರುತ್ತಾರೆ. ಚಿತ್ರದಲ್ಲಿ ನನ್ನನ್ನು ನಡುಗಿಸಿದ್ದು ಅದೊಂದೇ, ಅದು ನಿಜವಾದ ಕಾಲಕ್ಕೆ ಅಂಟಿಕೊಂಡಿದೆ ಅನ್ನುವ ಕಾರಣಕ್ಕೇ.

ಓದುಗಿತ್ತಿ:
ಯೋನ್ಸ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ? ಸರದಾರನ ಜೊತೆಯಾಳು. ದೇವರ ಬಗ್ಗೆ ಅವನಿಗೆ ಯಾವ ಆಸೆಯೂ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಹಾಳುಬಿದ್ದ ಮನೆಯಲ್ಲಿ ಕದಿಯಲು ಬಂದಿದ್ದ ರಾವಲ್ ಕೈಯಿಂದ ಒಬ್ಬ ಮಾತಿಲ್ಲದ ಹುಡುಗಿಯನ್ನು ಉಳಿಸಿದ್ದು ಯಾರು? ಹೆಂಡದಂಗಡಿಯಲ್ಲಿ ಯೋಫನನ್ನು ಕರಡಿಯ ಹಾಗೆ ಕುಣಿಸುತ್ತಿದ್ದಾಗ ನುಗ್ಗಿ ಬಿಡಿಸಿದ್ದು ಯಾರು? ಮಾಟಗಾತಿ ಅಂತ ಸುಡಲು ಒಯ್ಯುತ್ತಿದ್ದ ಇನ್ನೊಬ್ಬ ಹುಡುಗಿಗಾಗಿ ಸೈನಿಕರನ್ನು ಕೊಲ್ಲೋಣವೇ ಅಂತ ಯೋಚಿಸಿದವನೂ ಅವನೇ. ಸರದಾರ ಆ ಹುಡುಗಿಯ ಹತ್ತಿರ ಹೋಗಿದ್ದು ಸೈತಾನನನ್ನು ತೋರಿಸು ಅಂತ ಕೇಳೋಕೆ. ದೇವರ ವಿಷಯ ಸೈತಾನನಿಗಾದರೂ ಗೊತ್ತಿರಬೇಕಲ್ಲ ಅನ್ನುವುದು ಅವನ ತರ್ಕ. ಸಾಯುತ್ತಿರುವ ಮಗುವಿನಂಥ ಹುಡುಗಿಯ ಮುಂದೆ ನಿಂತು ತನ್ನ ಅನುಮಾನ ಬಗೆಹರಿಸಿಕೊಳ್ಳಲು ನೋಡುತ್ತಾನೆ! ಕೊನೆಗೆ ನೋವು ತಿಳಿಯದಿರಲಿ ಅಂತ ಏನೋ ಕುಡಿಸುತ್ತಾನೆ, ಅದು ನಿಜ. ಆದರೂ ನನಗೆ ಯೋನ್ಸ್ ಮೇಲೇ ಗೌರವ ಜಾಸ್ತಿ.

ಇನ್ನೊಂದು. ಕಠೋಪನಿಷತ್ತು ಓದಿದವರಿಗೆ ಇಲ್ಲಿ ಒಂದು ಕಡೆ ಕಾಲು ಜಾರುತ್ತದೆ. ನಚಿಕೇತ ಯಮನನ್ನು ಕೇಳಿದಾಗ ಯಮ ಮೊದಲು ಆಸೆ ತೋರಿಸಿ ಪರೀಕ್ಷೆ ಮಾಡುತ್ತಾನೆ, ಆಮೇಲೆ ಹೇಳುತ್ತಾನೆ. ಇಲ್ಲಿ ಬ್ಲಾಕ್ ನಿನ್ನ ಗುಟ್ಟು ಹೇಳು ಅಂದರೆ ಸಾವು ತನ್ನಲ್ಲಿ ಯಾವ ಗುಟ್ಟೂ ಇಲ್ಲ ಅನ್ನುತ್ತದೆ. ಏನೂ ಗೊತ್ತಿಲ್ಲವಾ ಅಂದರೂ ಅದೇ ಉತ್ತರ. ಕೇಳುವವನಿಗೆ ಯೋಗ್ಯತೆ ಇದ್ದರೂ ಹೇಳುವವನ ಹತ್ತಿರ ಏನೂ ಇಲ್ಲ. ಇದಕ್ಕಿಂತ ಭಯದ ಮಾತು ಇಡೀ ಚಿತ್ರದಲ್ಲಿ ಇಲ್ಲ.

ಕಪ್ಪುಬಿಳುಪು:
ಮೇಡಂ, ಹೋಲಿಕೆ ಒಪ್ಪುತ್ತೇನೆ, ಆದರೆ ಎಚ್ಚರಿಕೆಯಿಂದ. ಈ ಮೌನ ಬಂದಿರುವುದು ಬೈಬಲ್ಲಿನ ಕೊನೆಯ ಪುಸ್ತಕದಿಂದ. ಏಳನೇ ಮುದ್ರೆ (ಸೆವೆಂತ್ ಸೀಲ್) ಒಡೆದಾಗ ಸ್ವರ್ಗದಲ್ಲಿ ಸುಮಾರು ಅರ್ಧ ಗಂಟೆ ಮೌನ ಕವಿಯಿತು ಅನ್ನುವ ಮಾತಿನಿಂದಲೇ ಚಿತ್ರ ಶುರು. ಕೊನೆಗೆ ಬ್ಲಾಕ್‌ನ ಹೆಂಡತಿ ಕಾರಿನ್ ಊಟದ ಮೇಜಿನಲ್ಲಿ ಓದುವುದೂ ಅದನ್ನೇ. ಮಾತಾಡಬೇಕಾದ ದೇವರು ಮಾತಾಡುತ್ತಿಲ್ಲ ಅನ್ನುವ ಸಂಕಟ ಇದು. ದೇವರು ಮಾತಾಡುತ್ತಾನೆ ಅಂತ ಭಾನುವಾರ ಭಾನುವಾರ ಕೇಳಿ ಬೆಳೆದ ಪಾದ್ರಿಯ ಮಗನಿಗೆ ಮಾತ್ರ ಇದು ಇಷ್ಟು ಚುಚ್ಚುತ್ತದೆ.

ಹಿಂದಿನಸಾಲು:
ಹಾಗಾದರೆ ಯೋಫನನ್ನು ಏನು ಮಾಡುತ್ತೀರಿ? ಬೆಳಗಿನ ಹುಲ್ಲಿನ ಮೇಲೆ ಮೇರಿ ತನ್ನ ಮಗುವಿಗೆ ನಡೆಯಲು ಕಲಿಸುವುದನ್ನು ಅವನು ನೋಡುತ್ತಾನೆ. ಏನನ್ನೂ ಬೇಡದವನಿಗೆ ಸುಮ್ನೆ ಕಾಣಿಸುತ್ತದೆ. ಮಿಯಾ ನಂಬುವುದಿಲ್ಲ, ನಗುತ್ತಾಳೆ. ಆದರೆ ಸಾವು ಬ್ಲಾಕ್ ಎದುರು ಕೂತಿದ್ದನ್ನೂ ಅವನೇ ಕಂಡ, ಅದಕ್ಕೇ ಓಡಿಹೋಗಿ ಬದುಕಿದ. ಎರಡನೆಯದು ನಿಜವಾದರೆ ಮೊದಲನೆಯದು ಯಾಕೆ ಸುಳ್ಳಾಗಬೇಕು? ಬ್ಲಾಕ್‌ಗೆ ಸಿಗದ ಉತ್ತರ ಪ್ರೇಕ್ಷಕನಿಗೆ ಮೊದಲ ಹದಿನೈದು ನಿಮಿಷದಲ್ಲೇ ಸಿಕ್ಕಿರಬಹುದು.

ಮತ್ತೆ, ಕಾಯಿ ಕೆಡವಿದ ಮೇಲೆ ಸಾವು ಕೇಳುತ್ತದೆ, ಈ ಬಿಡುವಿನಿಂದ ನಿನಗೆ ಏನಾದರೂ ಸಿಕ್ಕಿತಾ ಅಂತ. ಬ್ಲಾಕ್ ಹೌದು ಅನ್ನುತ್ತಾನೆ. ಆ ಹೌದು ಅನ್ನುವುದನ್ನು ಕೋಟೆಯ ಪ್ರಾರ್ಥನೆ ಅಳಿಸುವುದಿಲ್ಲ. ಒಳ್ಳೆಯ ಕೆಲಸ ಮಾಡಿದವನಿಗೂ ಸಾಯುವಾಗ ಹೆದರಿಕೆ ಆಗುತ್ತದೆ, ಅಷ್ಟೇ.

ಕಪ್ಪುಬಿಳುಪು:
ಇದು ನೀವು ಇಲ್ಲಿ ತನಕ ಹೇಳಿದ್ದರಲ್ಲೇ ಗಟ್ಟಿ ವಾದ. ಆದರೂ ಕೋಟೆಯಲ್ಲಿ ಯೋನ್ಸ್ ಮಾತು ಕೇಳಿ: ನಿನ್ನ ಅಳಲು ಕೇಳಲು ಆ ಕತ್ತಲಲ್ಲಿ ಯಾರೂ ಇಲ್ಲ ಅನ್ನುತ್ತಾನೆ. ಬಾಯಿ ಮುಚ್ಚು ಅಂದಾಗ ಸುಮ್ಮನಾಗುತ್ತೇನೆ, ಆದರೆ ವಿರೋಧಿಸುತ್ತಲೇ ಅನ್ನುತ್ತಾನೆ. ಬ್ಲಾಕ್ ಪ್ರಾರ್ಥನೆ, ಯೋನ್ಸ್ ಪ್ರತಿಭಟನೆ, ಎರಡೂ ಒಂದೇ ಕೋಣೆಯಲ್ಲಿ. ಬರ್ಗ್‌ಮನ್ ಯಾರ ಪರವಾಗಿಯೂ ತೀರ್ಪು ಕೊಟ್ಟಿಲ್ಲ.

ಓದುಗಿತ್ತಿ:
ಆ ಕೋಣೆಯಲ್ಲಿ ಇನ್ನೊಬ್ಬಳು ಇದ್ದಾಳೆ! ಚಿತ್ರದುದ್ದಕ್ಕೂ ತುಟಿ ಬಿಚ್ಚದ ಆ ಹುಡುಗಿ ಮಂಡಿಯೂರಿ, ಮುಖದಲ್ಲಿ ಬೆಳಕು ತುಂಬಿಕೊಂಡು, ‘ಎಲ್ಲ ಮುಗಿಯಿತು’ ಅನ್ನುತ್ತಾಳೆ. ಯೇಸು ಶಿಲುಬೆಯ ಮೇಲೆ ಆಡಿದ ಮಾತು ಅದು. ಆಮೇಲೆ ಮರುದಿನ ಬೆಳಿಗ್ಗೆ ಗುಡ್ಡದ ಮೇಲೆ ಸಾವು ಎಲ್ಲರನ್ನೂ ಕುಣಿಸಿಕೊಂಡು ಹೋಗುತ್ತದಲ್ಲ, ಯೋಫ್ ಹೆಸರು ಹಿಡಿದು ಹೇಳುತ್ತಾನೆ: ಕಮ್ಮಾರ, ಲೀಸಾ (ಅವನ ಹೆಂಡತಿ), ಸರದಾರ, ರಾವಲ್, ಯೋನ್ಸ್, ಸ್ಕಾಟ್ (ಯೋಫ್ ತಂಡದ ಇನ್ನೊಬ್ಬ ನಟ). ಆ ಹುಡುಗಿ ಇಲ್ಲ, ಕಾರಿನ್ ಕೂಡ ಇಲ್ಲ.

ನಾಟಕದಹುಚ್ಚು:
ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ಆ ಕುಣಿತ ಯೋಜನೆ ಮಾಡಿ ತೆಗೆದದ್ದಲ್ಲ ಅಂತ ಬರ್ಗ್‌ಮನ್ ಅವರೇ ಬರೆದಿದ್ದಾರೆ. ಹೋವ್ಸ್ ಹಲ್ಲರ್ ಕಡಲ ಬಂಡೆಗಳ ಹತ್ತಿರ ಆ ದಿನದ ಕೆಲಸ ಮುಗಿದಿತ್ತು. ಆಕಾಶದಲ್ಲಿ ಒಂದು ವಿಚಿತ್ರ ಮೋಡ ಕಂಡಿತು. ನಟರಲ್ಲಿ ಹಲವರು ಹೊರಟುಹೋಗಿದ್ದರು. ತಂತ್ರಜ್ಞರಿಗೆ, ಅಲ್ಲಿದ್ದ ಕೆಲವು ಪ್ರವಾಸಿಗಳಿಗೆ ವೇಷ ಹಾಕಿಸಿ ಗಡಿಬಿಡಿಯಲ್ಲಿ ತೆಗೆದರು. ಯಾರಿದ್ದರೋ ಅವರನ್ನು ನಿಲ್ಲಿಸಿದರು.

ಓದುಗಿತ್ತಿ:
ವೇಷ ಹಾಕಿದವರು ಯಾರಾದರೂ ಆಗಿರಲಿ, ನೆರಳಿನಲ್ಲಿ ಮುಖ ಯಾರಿಗೂ ಕಾಣುವುದಿಲ್ಲ. ಹೆಸರು ಹೇಳಿಸುವುದು ಬರೆದವರ ಕೈಯಲ್ಲೇ ಇತ್ತು ಅಲ್ವಾ? ಕಾಡಿನಲ್ಲಿ ನೀರಿಗಾಗಿ ಬೊಬ್ಬೆ ಹಾಕುತ್ತಾ ಸತ್ತ ರಾವಲ್‌ನನ್ನು ಹುಡುಕಿ ತಂದು ಸೇರಿಸಿದ್ದಾರೆ. ಅವನಿಗೆ ನೀರು ಕೊಡಲು ಓಡಿದವಳು ಇದೇ ಹುಡುಗಿ, ಪ್ರಯೋಜನವಿಲ್ಲ ಅಂತ ಯೋನ್ಸ್ ತಡೆದ. ಅವನ ಹೆಸರು ಪಟ್ಟಿಯಲ್ಲಿದೆ, ಇವಳದ್ದಿಲ್ಲ. ಇದನ್ನು ಮೋಡದ ಲೆಕ್ಕಕ್ಕೆ ಹಾಕಲು ನಾನು ತಯಾರಿಲ್ಲ.