ಪುಟ್ಟಿಗೆ ದೊಡ್ಡಪ್ಪನ ಉತ್ತರ: ಮೊದಲು ಗಾಡಿಯ ಎತ್ತರ

ಪುಟ್ಟೀ, ನೀನು ನಿನ್ನೆ ರಾತ್ರಿ ಮನೆಯವರ ಮೊಬೈಲ್ ಗುಂಪಿನಲ್ಲಿ ಕೇಳಿದ್ದನ್ನು ನಿನ್ನ ದೊಡ್ಡಮ್ಮ ಬೆಳಗಿನ ಕಾಫಿಯ ಹೊತ್ತಿಗೆ ನನಗೆ ಓದಿ ಹೇಳಿದಳು. ಬರುವ ತಿಂಗಳು ಫ್ರಾನ್ಸಿನಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು, ಮಕ್ಕಳೊಂದಿಗೆ ದೊರ್ದೋನ್ ಕಡೆಯ ಹಳ್ಳಿಗಳನ್ನು ಸುತ್ತುತ್ತೀರಿ, ರಾತ್ರಿ ಗಾಡಿಯನ್ನು ಎಲ್ಲಿ ನಿಲ್ಲಿಸಿ ಮಲಗಬೇಕು, ಭಯವೇನೂ ಇಲ್ಲವೇ ಎಂದು ಕೇಳಿದ್ದೀಯೆ. ನನಗೆ ಆ ಸಣ್ಣ ಅಕ್ಷರಗಳನ್ನು ಒತ್ತುವುದು ಆಗುವುದಿಲ್ಲವಾದ್ದರಿಂದ ಬಾಯಲ್ಲೇ ಹೇಳುತ್ತಿದ್ದೇನೆ, ಉದ್ದವಾದರೆ ಎರಡು ಸಲಕ್ಕೆ ಕೇಳಿಸಿಕೊಳ್ಳಿ. ರಾತ್ರಿಯ ಮಾತು ಆಮೇಲೆ ಇರಲಿ. ಗಾಡಿಯ ಎತ್ತರ ಎಷ್ಟೆಂದು ಬಾಡಿಗೆಗೆ ಕೊಡುವವರನ್ನು ಕೇಳಿದಿರಾ?

2019ರ ಸೆಪ್ಟೆಂಬರಿನಲ್ಲಿ ನಾವು ತುಲೂಸಿನ ಮಗಳ ಮನೆಗೆ ಹೋಗಿದ್ದದ್ದು ಎಲ್ಲರಿಗೂ ಗೊತ್ತೇ ಇದೆ. ಅಳಿಯಂದಿರು ಮೂರು ದಿನಕ್ಕೆಂದು ಇಂಥದೇ ಗಾಡಿ ತಂದಿದ್ದರು. ಅಲ್ಲಿಯವರು ಅದನ್ನು ಕ್ಯಾಂಪಿಂಗ್‌ಕಾರ್ ಎನ್ನುತ್ತಾರೆ. ತೂಕ ಮೂರೂವರೆ ಟನ್ನಿನೊಳಗೆ ಇದ್ದುದರಿಂದ ಕಾರಿನ ಲೈಸೆನ್ಸೇ ಸಾಕಾಗಿತ್ತು, ಮತ್ತು ಅನರ್ಥದ ಮೂಲವೂ ಅದೇ ಎಂದು ನನಗೆ ಅನಿಸುತ್ತದೆ. ಕಾರಿನ ಲೈಸೆನ್ಸು, ಕಾರಿನಂಥದೇ ಸ್ಟಿಯರಿಂಗು, ಮುಂದಿನ ಸೀಟಿನಲ್ಲಿ ಕೂತರೆ ಕಾರಿನಲ್ಲಿ ಕೂತಂತೆಯೇ ಇರುತ್ತದೆ. ಬೆನ್ನ ಹಿಂದೆ, ತಲೆಯ ಮೇಲೆ ಒಂದು ಮನೆಯೇ ಬರುತ್ತಿದೆ ಎಂಬುದು ಅರ್ಧ ಗಂಟೆಯಲ್ಲಿ ಮರೆತುಹೋಗುತ್ತದೆ.

ಅಂದು ಬುಧವಾರ, ಸಾರ್ಲಾ ಊರಿನ ಸಂತೆಯ ದಿನ. ಎಲ್ಲಿ ನೋಡಿದರೂ ಬಾತುಕೋಳಿಯ ಪದಾರ್ಥವೇ ತುಂಬಿದ್ದ ಆ ಸಂತೆಯಲ್ಲಿ ನಿನ್ನ ದೊಡ್ಡಮ್ಮ ಆಕ್ರೋಟು, ಆಡಿನ ಹಾಲಿನ ಚೀಸು, ಎರಡು ಉದ್ದನೆಯ ಬ್ರೆಡ್ಡು ಹುಡುಕಿಕೊಂಡು ಬಂದಳು. ಅಲ್ಲಿಂದ ವೆಝೇರ್ ನದಿಯ ದಂಡೆಯ ಲೆಝೇಝಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. 1868ರಲ್ಲಿ ಅಲ್ಲಿ ರೈಲಿನ ಕಾಮಗಾರಿ ನಡೆಯುವಾಗಲೇ ಕ್ರೋ-ಮ್ಯಾಗ್ನನ್ ಎಂಬ ಆದಿಮಾನವನ ಎಲುಬುಗಳು ಸಿಕ್ಕಿದ್ದು. ಮೂವತ್ತು ವರ್ಷ ಮಕ್ಕಳಿಗೆ ಆ ಪಾಠವನ್ನು ಹೇಳಿದವನು ನಾನು. ಮಧ್ಯಾಹ್ನ ಫೋಂ-ದ-ಗೋಮ್ ಗುಹೆಗೆ ನಮಗೆ ಟಿಕೆಟ್ಟು ಸಿಕ್ಕಿತ್ತು. ಆದಿಮಾನವನ ಚಿತ್ರಗಳಿಗೆ ಹೆಸರಾದ ಲಾಸ್ಕೋ ಗುಹೆಯನ್ನು 1963ರಲ್ಲೇ ಜನರಿಗೆ ಮುಚ್ಚಿಬಿಟ್ಟರು, ಈಗ ಅಲ್ಲಿ ತೋರಿಸುವುದು ಪ್ರತಿಕೃತಿಯನ್ನು. ಫೋಂ-ದ-ಗೋಮ್‌ನಲ್ಲಿ ಹಾಗಲ್ಲ, ಆದಿಮಾನವನ ಕೈಯಿಂದಲೇ ಮೂಡಿದ ಕಾಡೆಮ್ಮೆಗಳನ್ನು, ಅವನು ಹಚ್ಚಿದ ಬಣ್ಣದಲ್ಲೇ, ದಿನಕ್ಕೆ ಕೆಲವೇ ಜನರಿಗೆ ತೋರಿಸುತ್ತಾರೆ.

ಮೊಬೈಲಿನಲ್ಲಿ ದಾರಿ ಹೇಳುವ ಹೆಂಗಸಿಗೆ ನಾವು ಕಾರಿನಲ್ಲಿಲ್ಲ ಎಂಬುದು ಹೇಗೆ ತಿಳಿಯಬೇಕು? ಆಕೆ ಹತ್ತಿರದ ದಾರಿಯೆಂದು ಒಂದು ಅಡ್ಡರಸ್ತೆಗೆ ತಿರುಗಿಸಿದಳು. ಮುಂದೆ ರೈಲು ಹಳಿಯ ಕೆಳಗೆ ಹಳೆಯ ಕಲ್ಲಿನ ಕಮಾನು. ಅದರ ಮೊದಲಿಗೆ ಕೆಂಪು ಅಂಚಿನ ದುಂಡು ಫಲಕ, ಮೇಲೊಂದು ಕೆಳಗೊಂದು ಕಪ್ಪು ತ್ರಿಕೋನ, ನಡುವೆ 2,8 ಎಂಬ ಅಂಕಿ. ಅವರು ದಶಮಾಂಶಕ್ಕೆ ಚುಕ್ಕಿಯಿಡುವುದಿಲ್ಲ, ಅಲ್ಪವಿರಾಮ ಹಾಕುತ್ತಾರೆ. ನಾನು ಅದನ್ನು ಓದಿ ‘ನಿಲ್ಲಿಸಿ’ ಎಂದೆ. ಅಳಿಯಂದಿರು ‘ಹಿಡಿಸುತ್ತದೆ ಮಾವಾ’ ಎಂದರು. ಹಿಡಿಸಲಿಲ್ಲ. ತೆಂಗಿನಕಾಯಿ ತುರಿಯುವ ಈಳಿಗೆಯ ಮೇಲೆ ತಗಡನ್ನು ಎಳೆದಂಥ ಸದ್ದು ನಮ್ಮ ನೆತ್ತಿಯ ಮೇಲಿನಿಂದ ಹಿಂದಕ್ಕೆ ಸಾಗಿತು. ನಮ್ಮ ಮನೆಯ ಮಾಡಿನಲ್ಲಿ ಗಾಜಿನ ಹಂಚು ಇದೆಯಲ್ಲ, ಹಾಗೆ ಆ ಗಾಡಿಗೂ ಒಂದು ಬೆಳಕಿಂಡಿಯ ಮುಚ್ಚಳ ಇತ್ತು, ಅದು ಒಡೆದು ಆಕ್ರೋಟಿನ ಚೀಲದ ಮೇಲೆ ಬಿತ್ತು. ಕಮಾನಿಗೆ ನಡುವೆ ಎತ್ತರ, ಬದಿಗಳಲ್ಲಿ ತಗ್ಗು. ಎದುರಿನ ಕಾರಿಗೆ ದಾರಿ ಬಿಡಲೆಂದು ಬಲಕ್ಕೆ ಸರಿದ ಗಾಡಿಯ ಮೂಲೆಯೂ ಕಲ್ಲಿಗೆ ಉಜ್ಜಿತು. ಹಿಂದೆ ಸಾಲುಗಟ್ಟಿದ್ದ ನಾಲ್ಕು ಕಾರುಗಳನ್ನು ಒಂದೊಂದಾಗಿ ಹಿಂದಕ್ಕೆ ಕಳುಹಿಸಿ ನಾವು ಹೊರಬರುವ ಹೊತ್ತಿಗೆ ಹನ್ನೆರಡು ದಾಟಿತ್ತು. ಹನ್ನೆರಡರಿಂದ ಎರಡರವರೆಗೆ ಆ ದೇಶದ ಹಳ್ಳಿಗಳಲ್ಲಿ ಗ್ಯಾರೇಜೂ ಊಟಕ್ಕೆ ಹೋಗುತ್ತದೆ. ಅಷ್ಟರಲ್ಲಿ ಮಳೆ ಬಂತು, ನಾವು ಊಟಕ್ಕೆ ಕೂರಲೆಂದು ಒಯ್ದಿದ್ದ ಪ್ಲಾಸ್ಟಿಕ್ ಚಾಪೆಯನ್ನು ತೂತಿಗೆ ಕಟ್ಟಿಕೊಂಡು ಎರಡು ಗಂಟೆ ಕೂತೆವು.

ಗಾಡಿಯ ಎತ್ತರ 2.95 ಮೀಟರ್ ಎಂದು ಬರೆದ ಚೀಟಿ ಗಾಡಿಯಲ್ಲೇ ಇತ್ತು. ಕಣ್ಣಿಗೆ ಬಿಸಿಲು ಬಡಿಯದಂತೆ ಕೆಳಕ್ಕೆ ಮಡಿಸುವ ಹಲಗೆಯ ಒಳಬದಿಗೆ ಅಂಟಿಸಿದ್ದರು. ಅಂದು ಬೆಳಗಿನಿಂದ ಮೋಡವಿದ್ದುದರಿಂದ ಅದನ್ನು ಯಾರೂ ಮಡಿಸಿರಲಿಲ್ಲ. ಆದ್ದರಿಂದ ಹೇಳುತ್ತೇನೆ, ಗಾಡಿ ಕೈಗೆ ಬಂದ ಕೂಡಲೇ ಎತ್ತರ ಕೇಳಿಕೊಂಡು, ದೊಡ್ಡ ಅಂಕಿಯಲ್ಲಿ ಬರೆದು, ಓಡಿಸುವವರ ಕಣ್ಣೆದುರಿಗೇ ಅಂಟಿಸಿ. ಕಮಾನಿನಲ್ಲಿ ಮಾತ್ರ ಅಪಾಯ ಎಂದುಕೊಳ್ಳಬೇಡಿ, ಊರುಗಳ ಪಾರ್ಕಿಂಗ್ ಜಾಗಗಳ ಬಾಗಿಲಿಗೆ ಎಷ್ಟೋ ಕಡೆ ಎರಡು ಮೀಟರ್ ಎತ್ತರಕ್ಕೇ ಅಡ್ಡಪಟ್ಟಿ ಹಾಕಿರುತ್ತಾರೆ.

ಬಾಡಿಗೆಯವರು ಠೇವಣಿಯಲ್ಲಿ ಒಂಬೈನೂರು ಯೂರೋ ಮುರಿದುಕೊಂಡರು. ವಿಮೆಗೆ ಮಾಡು ಸೇರುವುದಿಲ್ಲವಂತೆ, ಅದೂ ಕರಾರಿನ ಸಣ್ಣ ಅಕ್ಷರದಲ್ಲಿ ಇತ್ತಂತೆ. ಹಣ ಹೋದದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಗುಹೆಯ ಸಮಯ ಮೀರಿಹೋಯಿತು, ಬಾಗಿಲವರೆಗೂ ಹೋಗಲಾಗಲಿಲ್ಲ, ಮರುದಿನಕ್ಕೆ ಟಿಕೆಟ್ಟಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಊರಿಗೆ ಬಂದ ಮೇಲೆ ತಂಗಿಯ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ ‘ಮಾವನವರು ಮ್ಯಾಪು ಹಿಡಿದಿದ್ದರು, ಸೇತುವೆಗೆ ಗುದ್ದಿದೆವು’ ಎಂದು ಕಥೆಯಾಯಿತು, ಎಲ್ಲರೂ ನಕ್ಕಿರಿ. ಮ್ಯಾಪು ಹಿಡಿದದ್ದು ನಿಜ. ‘ನಿಲ್ಲಿಸಿ’ ಎಂದದ್ದೂ ನಾನೇ ಎಂಬುದನ್ನು ಆ ಪಂಕ್ತಿಯಲ್ಲಿ ಒಬ್ಬರೂ ಕೇಳಲಿಲ್ಲ. ವಿಮಾನದ ರೆಕ್ಕೆಯನ್ನು ಮಿಲಿಮೀಟರಿನಲ್ಲಿ ಅಳೆಯುವ ಅಳಿಯಂದಿರು ತಮ್ಮ ತಲೆಯ ಮೇಲಿನ ಮಾಡನ್ನು ಅಂದಾಜಿನಲ್ಲಿ ಅಳೆದರು. ಇದನ್ನು ಅವರೂ ಕೇಳಿಸಿಕೊಳ್ಳುತ್ತಾರೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಪುಟ್ಟೀ, ನಿನ್ನ ಯಜಮಾನರು ‘ಹಿಡಿಸುತ್ತದೆ’ ಎಂದರೂ ನೀನು ಕೆಳಗಿಳಿದು ನೋಡು. ಎತ್ತರದ ಅಂಕಿ ಕಣ್ಣೆದುರಿಗೆ ಇರಲಿ.

ನೀನು ಕೇಳಿದ್ದು ರಾತ್ರಿಯ ವಿಚಾರ, ದೊಡ್ಡಮ್ಮ ಸನ್ನೆ ಮಾಡುತ್ತಿದ್ದಾಳೆ. ಹೆದ್ದಾರಿಯ ತಂಗುದಾಣಗಳಲ್ಲಿ ಕಾಫಿ ಕುಡಿಯಿರಿ, ಮಲಗಬೇಡಿ, ನಿದ್ದೆಯಲ್ಲಿದ್ದವರ ಗಾಡಿಗೆ ಕಳ್ಳರು ನುಗ್ಗುವುದುಂಟು. ಹೆದ್ದಾರಿಯಿಂದ ಇಳಿದು ಹಳ್ಳಿಗೆ ಹೋದರೆ, ಎಷ್ಟೋ ಊರುಗಳಲ್ಲಿ ಪಂಚಾಯಿತಿಯವರೇ ಇಂಥ ಗಾಡಿಗಳಿಗೆ ಜಾಗ ಮಾಡಿರುತ್ತಾರೆ, ಅದಕ್ಕೆ ‘ಏರ್’ ಎನ್ನುತ್ತಾರೆ. ಕೆಲವು ಕಡೆ ಪುಕ್ಕಟೆ, ಕೆಲವು ಕಡೆ ಕೆಲವೇ ಯೂರೋ. ಕುಡಿಯುವ ನೀರು ತುಂಬಿಸಲು, ಪಾತ್ರೆ ತೊಳೆದ ನೀರು ಬಿಡಲು, ಶೌಚದ ಡಬ್ಬಿ ಖಾಲಿ ಮಾಡಲು ಬೇರೆಬೇರೆ ವ್ಯವಸ್ಥೆ ಇರುತ್ತದೆ. ನಲ್ಲಿಗೆ ಬಿಲ್ಲೆ ಹಾಕಬೇಕಾದರೆ ಎದುರಿನ ಬ್ರೆಡ್ಡಿನ ಅಂಗಡಿಯಲ್ಲಿ ಕೇಳಿ. ಅಲ್ಲಿ ಗಾಡಿಯೊಳಗೆ ಮಲಗಬಹುದು, ಹೊರಗೆ ಕುರ್ಚಿ ಹಾಕಿ ಚಪ್ಪರ ಬಿಚ್ಚಿದರೆ ಅದು ಕ್ಯಾಂಪಿಂಗ್ ಆಗುತ್ತದೆ, ಬಿಚ್ಚಬೇಡಿ. ಫ್ರಾಂಸ್ ಪಾಸಿಯೋಂ ಎಂಬ ಏರ್ಪಾಡಿಗೆ ವರ್ಷದ ಚಂದಾ ಕಟ್ಟಿದರೆ ರೈತರ, ದ್ರಾಕ್ಷಿ ತೋಟದವರ ಅಂಗಳದಲ್ಲಿ ಒಂದು ರಾತ್ರಿ ಬಾಡಿಗೆಯಿಲ್ಲದೆ ನಿಲ್ಲಬಹುದು. ನಾವು ಆ ಬುಧವಾರ ರಾತ್ರಿ ತೂತಿನ ಗಾಡಿಯೊಂದಿಗೆ ಹಾಗೊಂದು ಆಕ್ರೋಟಿನ ತೋಟದಲ್ಲೇ ಮಲಗಿದ್ದು, ಬೆಳಿಗ್ಗೆ ಆ ಮನೆಯ ಮುದುಕ ಏಣಿ ತಂದು ಚಾಪೆಯ ಮೇಲೆ ತಗಡೊಂದನ್ನು ಹೊದಿಸಿಕೊಟ್ಟ. ಕತ್ತಲಾಗುವ ಮುಂಚೆ ತಲುಪಿ, ಮನೆಯವರನ್ನು ಮಾತನಾಡಿಸಿಯೇ ಗಾಡಿ ನಿಲ್ಲಿಸಿ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಗಳು ತೆರೆದಿರುವುದು ಅಪರೂಪ, ಹಾಲು ತರಕಾರಿ ಶನಿವಾರವೇ ತೆಗೆದಿಡಿ. ಪಂಪಿನಲ್ಲಿ ಡೀಸೆಲ್ಲಿಗೆ ‘ಗಝೋಲ್’ ಎಂದು ಬರೆದಿರುತ್ತದೆ. ಆರ್‌ಟಿಓದಿಂದ ಅಂತರರಾಷ್ಟ್ರೀಯ ಪರ್ಮಿಟ್ಟನ್ನು ಈ ವಾರವೇ ಮಾಡಿಸಿಕೊಳ್ಳಿ.

ಫೋಂ-ದ-ಗೋಮ್‌ಗೆ ಟಿಕೆಟ್ಟು ಸಿಕ್ಕಿದರೆ ಕಾಡೆಮ್ಮೆಗಳು ಹೇಗಿದ್ದವೆಂದು ನನಗೆ ಫೋನು ಮಾಡಿ ಹೇಳು, ಗುಂಪಿನಲ್ಲಿ ಬೇಡ.