ಎಎಂಸಿ ಬಿಟ್ಟು ಸೈಬರ್ ಸೆಕ್ಯುರಿಟಿ ತಗೋಬೇಕಾ?

ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ದು ಸಿಎನ್‌ಸಿ ಜಾಬ್ ವರ್ಕ್, 25 ಸಿಸ್ಟಮ್, ಒಂದು ಟ್ಯಾಲಿ ಸರ್ವರ್. ಪ್ರಿಂಟರ್ ಕೆಟ್ರೂ ನೆಟ್ ಹೋದ್ರೂ ಎಎಂಸಿಯವ್ರೇ, ಅಂದ್ರೆ ವರ್ಷದ ಮೇಂಟೆನೆನ್ಸ್ ಕಾಂಟ್ರಾಕ್ಟ್‌ನವ್ರೇ, ಬರ್ತಾರೆ. ಈಗ ಇನ್ನೊಂದು ಕಂಪನಿಯವ್ರು ಬಂದು 24 ಗಂಟೆ ಸೈಬರ್ ಸೆಕ್ಯುರಿಟಿ ಮಾನಿಟರಿಂಗ್ ಮಾಡ್ತೀವಿ, ಇಲ್ಲಾಂದ್ರೆ ರಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಗ್ಯಾರಂಟಿ ಅಂತ ಹೆದ್ರಿಸಿ ಹೋದ್ರು. ದುಡ್ಡಿರೋದು ಒಂದಕ್ಕೇ. ಯಾವ್ದು?

ಉತ್ತರ: ಎಎಂಸಿ ಬಿಡ್ಬೇಡಿ ಸರ್. ಭಾನುವಾರ ರಾತ್ರಿ ಎರಡು ಗಂಟೆಗೆ ಮಾನಿಟರಿಂಗ್‌ನವ್ನು ಫೋನ್ ಮಾಡಿ ಸರ್ವರ್‌ಗೆ ಯಾರೋ ನುಗ್ತಿದಾರೆ ಅಂದ್ರೆ ಕೇಬಲ್ ಕೀಳೋರು ಯಾರು? ಆ ಜನ ಇಲ್ದೆ ಇದ್ರೆ ಅಲರ್ಟ್ ಮೇಲ್‌ನಲ್ಲೇ ಕೊಳೆಯುತ್ತೆ.

ಮೊದ್ಲು ಎಎಂಸಿಯವ್ರನ್ನ ಕೂರಿಸ್ಕೊಂಡು ಕೇಳಿ, ಮನೆಯಿಂದ ಟ್ಯಾಲಿ ನೋಡೋಕೆ ಅಂತ ಆರ್‌ಡಿಪಿ (ದೂರದಿಂದ ಕಂಪ್ಯೂಟರ್ ನಡೆಸೋ ವಿಂಡೋಸ್ ಸೌಲಭ್ಯ) 3389 ಪೋರ್ಟ್ ನೇರ ಇಂಟರ್ನೆಟ್‌ಗೆ ತೆರೆದಿಟ್ಟಿದೀರಾ ಅಂತ, ಸಣ್ಣ ಆಫೀಸ್‌ಗಳಲ್ಲಿ ಇದು ತುಂಬಾ ಕಾಮನ್, ಇದ್ರೆ ಇವತ್ತೇ ಮುಚ್ಚಿಸಿ ವಿಪಿಎನ್, ಅಂದ್ರೆ ಲಾಗಿನ್ ಆದೋರಿಗಷ್ಟೇ ತೆರೆಯೋ ಗುಪ್ತ ದಾರಿ, ಹಾಕಿಸಿ. ಬ್ಯಾಕಪ್ ಅದೇ ಸರ್ವರ್‌ನ ಡಿ ಡ್ರೈವ್‌ನಲ್ಲೋ ಯಾವಾಗ್ಲೂ ಚುಚ್ಚಿರೋ ಹಾರ್ಡ್‌ಡಿಸ್ಕ್‌ನಲ್ಲೋ ಇದ್ರೆ ದಾಳಿ ಆದಾಗ ಅದೂ ಲಾಕ್ ಆಗುತ್ತೆ, ಒಂದು ಕಾಪಿ ಬಿಚ್ಚಿ ಬೇರೆ ಕಡೆ ಇಡ್ಬೇಕು, ನಿಮ್ ಕಣ್ಣೆದುರೇ ರೀಸ್ಟೋರ್ ಮಾಡಿ ತೋರಿಸ್ಲಿ. ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ಎಷ್ಟು ಸಿಸ್ಟಮ್ ಅದ್ರಲ್ಲಿದೆ ಎಣಿಸಿ. ವಾನಾಕ್ರೈ ರಾನ್ಸಮ್‌ವೇರ್ ನೆನಪಿದೆಯಲ್ಲ, ಮೈಕ್ರೋಸಾಫ್ಟ್ ಪ್ಯಾಚ್ (ದೋಷ ಸರಿಮಾಡೋ ಅಪ್‌ಡೇಟ್) ಕೊಟ್ಟಿದ್ದು 2017ರ ಮಾರ್ಚ್, ದಾಳಿ ಆಗಿದ್ದು ಮೇ. ಪ್ಯಾಚ್ ಹಾಕೋದು ಎಎಂಸಿಯವ್ರ ಕೆಲಸ.

ಪ್ರಶ್ನೆ: ಸರ್ ನಾನೂ ಇದೇ ಸ್ಥಿತಿಲಿದೀನಿ. ನಮ್ ಎಎಂಸಿಯವ್ರು ಆಂಟಿವೈರಸ್ ಹಾಕಿದೀವಿ, ಸೆಕ್ಯುರಿಟಿನೂ ನಾವೇ ನೋಡ್ಕೋತೀವಿ ಅಂತಾರಲ್ಲ?

ಉತ್ತರ: ಮೇಡಂ, ನೋಡ್ಕೋಳ್ಲಿ, ಆದ್ರೆ ಚೆಕ್ ಮಾಡೋರು ಬೇರೆ ಇರ್ಲಿ. ಪರೀಕ್ಷೆ ಬರೆದೋನೇ ಪೇಪರ್ ತಿದ್ದಿದ್ರೆ ಎಲ್ರೂ ಫಸ್ಟ್ ಕ್ಲಾಸೇ. ತಿಂಗಳ ಮಾನಿಟರಿಂಗ್ ಫೀ ಬೇಡ, ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಪಟ್ಟೀಲಿರೋ ಆಡಿಟರ್ ಹತ್ರ ಒಂದ್ಸಲ ಟೆಸ್ಟ್ ಮಾಡ್ಸಿ, ಪಟ್ಟಿ ಅವ್ರ ಸೈಟಲ್ಲೇ ಇದೆ. ಸಪೋರ್ಟ್‌ನವ್ರ ಕಡೆಯಿಂದ್ಲೂ ಬಾಗಿಲು ತೆರೆಯುತ್ತೆ: 2021ರ ಜುಲೈನಲ್ಲಿ ಐಟಿ ಸಪೋರ್ಟ್ ಕಂಪನಿಗಳು ಬಳಸ್ತಿದ್ದ ಕಸೇಯಾ ಅನ್ನೋ ರಿಮೋಟ್ ಟೂಲ್ ಮೂಲಕಾನೇ ರಾನ್ಸಮ್‌ವೇರ್ ಬಂತು, ಸ್ವೀಡನ್‌ನ ಕೂಪ್ ಅಂಗಡಿಗಳಲ್ಲಿ ಬಿಲ್ಲಿಂಗ್ ನಿಂತು ನೂರಾರು ಅಂಗಡಿ ಬಾಗಿಲು ಹಾಕಿದ್ವು. ನಿಮ್ಮ ಎಎಂಸಿಯವ್ರು ದೂರದಿಂದ ಸಿಸ್ಟಮ್ ನಡೆಸೋ ಎನಿಡೆಸ್ಕ್‌ಗೆ ಎಲ್ಲಾ ಕಸ್ಟಮರ್‌ಗೂ ಒಂದೇ ಪಾಸ್‌ವರ್ಡ್ ಇಟ್ಟಿದಾರಾ ಕೇಳಿ ನೋಡಿ. ಇನ್ನೊಂದು, 2022ರ ಸರ್ಟ್-ಇನ್ ಆದೇಶದ ಪ್ರಕಾರ ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ತಿಳಿಸ್ಬೇಕು, 180 ದಿನದ ಲಾಗ್ (ಸಿಸ್ಟಮ್‌ನಲ್ಲಿ ನಡೆದದ್ದರ ದಾಖಲೆ) ಇಟ್ಟಿರ್ಬೇಕು. ಇದನ್ನ ಯಾರು ಮಾಡ್ತಾರೆ ಅಂತ ಅಗ್ರಿಮೆಂಟಲ್ಲಿ ಬರೆಸ್ಕೊಳ್ಳಿ, ಬಾಯಿಮಾತು ಬೇಡ.

ಪ್ರಶ್ನೆ: ಹಾಗಾದ್ರೆ ಮಾನಿಟರಿಂಗ್ ಯಾವತ್ತೂ ಬೇಡ್ವಾ?

ಉತ್ತರ: ಹಾಗಲ್ಲ. ದೊಡ್ಡ ಕಸ್ಟಮರ್ ಕೇಳಿದ್ರೆ, ಜನರ ಆರೋಗ್ಯದ್ದೋ ಕಾರ್ಡ್‌ದೋ ಡೇಟಾ ರಾಶಿ ಇದ್ರೆ ತಗೊಳ್ಳಿ. ಆದ್ರೆ ಸಪ್ಲೈಯರ್ ಹೆಸರಲ್ಲಿ "ನಮ್ ಬ್ಯಾಂಕ್ ಅಕೌಂಟ್ ಬದಲಾಗಿದೆ" ಅಂತ ಮೇಲ್ ಬಂದಾಗ ಎಎಂಸಿಯವ್ರೋ ಮಾನಿಟರಿಂಗ್‌ನವ್ರೋ ಅಡ್ಡ ಬರ್ತಾರೆ ಅಂತ ನಂಬ್ಕೊಂಡು ಕೂರ್ಬೇಡಿ. ಅಕೌಂಟ್ಸ್‌ನವ್ರು ಹಳೇ ನಂಬರ್‌ಗೆ ಫೋನ್ ಮಾಡಿ ಕೇಳ್ಲೇಬೇಕು. ದುಡ್ಡು ಹೋಗೇ ಬಿಟ್ಟಿದ್ರೆ ತಕ್ಷಣ 1930 ಸೈಬರ್ ವಂಚನೆ ಸಹಾಯವಾಣಿಗೆ ಫೋನ್ ಮಾಡಿ, ಬೆಳಗ್ಗೆ ನೋಡೋಣ ಅನ್ಬೇಡಿ.