ಸಹಾಯ ಬೇಕು: ಮಗಳ ಗಂಟಲಿನ ಮಾದರಿಯಲ್ಲಿ ಎಂಆರ್‌ಎಸ್‌ಎ

ನನ್ನ ಎಂಟು ವರ್ಷದ ಮಗಳಿಗೆ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಅಂಟುಕಫ ಕಟ್ಟಿಕೊಳ್ಳುವ ಆನುವಂಶಿಕ ಕಾಯಿಲೆ) ಇದೆ. ಮೂರು ತಿಂಗಳಿಗೊಮ್ಮೆ ಕಲ್ಚರ್ ಪರೀಕ್ಷೆ (ಮಾದರಿಯಲ್ಲಿರುವ ರೋಗಾಣುಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವುದು) ಮಾಡಿಸುತ್ತೇವೆ. ಕಫ ಉಗುಳಲು ಅವಳಿಗೆ ಇನ್ನೂ ಬಾರದು, ನುಂಗಿಬಿಡುತ್ತಾಳೆ. ಹಾಗಾಗಿ ಕೆಮ್ಮಿಸಿ, ಗಂಟಲಿಗೆ ಹತ್ತಿಕಡ್ಡಿ ಹಾಕಿ ಮಾದರಿ ತೆಗೆಯುತ್ತಾರೆ. ಕಡ್ಡಿ ಕಂಡರೆ ಸಾಕು, ತುಟಿ ಬಿಗಿಹಿಡಿದು ಕೂರುತ್ತಾಳೆ.

ಈ ಸಲ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದಿದೆ. ವರದಿಯಲ್ಲಿ ಸೆಫಾಕ್ಸಿಟಿನ್ ಎಂಬ ಆ್ಯಂಟಿಬಯಾಟಿಕ್ ಎದುರಿಗೆ ‘ಆರ್’ (ರೆಸಿಸ್ಟೆಂಟ್, ಔಷಧಕ್ಕೆ ಬಗ್ಗದ್ದು) ಎಂದಿದೆ. ಅಂದರೆ ಆ್ಯಂಟಿಬಯಾಟಿಕ್ ಮೆಥಿಸಿಲಿನ್‌ಗೆ ಬಗ್ಗದ ಎಂಆರ್‌ಎಸ್‌ಎ ಎಂದು ವೈದ್ಯರು ವಿವರಿಸಿದರು. ಹಿಂದಿನ ಎರಡು ವರದಿಗಳಲ್ಲಿ ಇದರ ಸುಳಿವೇ ಇರಲಿಲ್ಲ. ನಿಧಾನವಾಗಿ, ಪುಟ್ಟ ಚುಕ್ಕೆಗಳಂತೆ ಬೆಳೆಯುವ ಬಗೆಯೊಂದಿದೆಯಂತೆ, ಮಾಮೂಲಿ ಕಲ್ಚರ್‌ನಲ್ಲಿ ಅದು ಕಣ್ತಪ್ಪಿಸಿಕೊಳ್ಳಬಹುದಂತೆ. ಅದನ್ನು ಕೇಳಿದಾಗಿನಿಂದ ಹಳೆಯ ವರದಿಗಳನ್ನೆಲ್ಲ ಹರಡಿಕೊಂಡು ಕುಳಿತಿದ್ದೇನೆ.

ಅನುಭವವಿದ್ದವರು ದಯವಿಟ್ಟು ತಿಳಿಸಿ. ಮೂಗಿನ ಮಾದರಿಯನ್ನೂ ಕಳಿಸಿದ್ದಿರಾ? ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸಿದವರು ಇದ್ದೀರಾ? ಅದು ಬೇಗ ಫಲಿತಾಂಶ ಕೊಡುತ್ತದೆ, ನಿಜ. ಆದರೆ ಯಾವ ಔಷಧ ನಾಟುತ್ತದೆಂದು ತಿಳಿಯಲು ಕಲ್ಚರ್ ಬೇಕೇ ಬೇಕಲ್ಲ. ಚಿಕಿತ್ಸೆ ಮುಗಿದು ಎಷ್ಟು ದಿನಕ್ಕೆ ಮರುಪರೀಕ್ಷೆ ಮಾಡಿಸಿದಿರಿ? ಔಷಧದ ಸಲಹೆ ಬೇಡ, ಅದನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಆ ಕಡ್ಡಿಗೆ ಮಗು ಬಾಯಿ ತೆರೆಯುವಂತೆ ಮಾಡುವ ಉಪಾಯ ಗೊತ್ತಿದ್ದರೆ ಮೊದಲು ಅದನ್ನೇ ಬರೆಯಿರಿ.